ನಮ್ಮ ಬಾವಿಯ ಆಮೆ ಕಡಲಿಗೆ ಹೊರಟದ್ದು

ಪ್ರಾಣಿಶಾಸ್ತ್ರದ ಮೇಷ್ಟ್ರನ್ನು ಮದುವೆಯಾದವಳಿಗೆ ಅಡುಗೆಮನೆಯ ಜಿರಳೆಯನ್ನು ನೆಮ್ಮದಿಯಿಂದ ಹೊಡೆದು ಹಾಕುವ ಭಾಗ್ಯವಿಲ್ಲ. ನಾನು ಹಿಡಿಸೂಡಿ ಎತ್ತಿದ ಕೂಡಲೇ "ನಿಲ್ಲು ಮಾರಾಯ್ತಿ, ಅದು ಅಮೆರಿಕಾನವೋ ಜರ್ಮಾನಿಕವೋ ಒಮ್ಮೆ ನೋಡ್ತೇನೆ" ಎಂದು ನಮ್ಮವರು ಕನ್ನಡಕ ಹುಡುಕಲು ಹೋಗುತ್ತಾರೆ. ಅವರು ಬರುವಷ್ಟರಲ್ಲಿ ಜಿರಳೆ ಗ್ಯಾಸ್ ಸಿಲಿಂಡರಿನ ಹಿಂದೆ ಸೇರಿ ಸಂಸಾರ ಹೂಡಿರುತ್ತದೆ. ಹೆಸರು ಖಚಿತವಾಗದ ಪ್ರಾಣಿ ನಮ್ಮ ಮನೆಯಲ್ಲಿ ಸಾಯುವ ಹಾಗಿಲ್ಲ. ಬದುಕುವ ಹಾಗೂ ಇಲ್ಲ ಎನ್ನುವುದು ಬಾವಿ ಕ್ಲೀನ್ ಮಾಡಿಸಿದ ವರ್ಷ ತಿಳಿಯಿತು.

ಆಗ ಉಡುಪಿ ಬೇರೆ ಜಿಲ್ಲೆಯಾಗಿ ಕೆಲವು ವರ್ಷವಾಗಿತ್ತು. ಹಿರಿಯಡ್ಕದ ನಮ್ಮ ಮನೆಯ ಜಗಲಿಯಿಂದ ಏಳದೆಯೇ ನಾವು ಒಂದು ಜಿಲ್ಲೆಯವರಾಗಿದ್ದವರು ಇನ್ನೊಂದು ಜಿಲ್ಲೆಯವರಾಗಿದ್ದೆವು. ಇದರಿಂದ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವರು ನಮ್ಮವರೇ. ಹೊಸ ಜಿಲ್ಲೆ ಎಂದರೆ ಅದರ ಹಾವು, ಕಪ್ಪೆ, ಆಮೆಗಳ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ಮೊದಲು ಬರೆದವನೇ ಪಂಡಿತ ಎಂಬುದು ಅವರ ಲೆಕ್ಕಾಚಾರ. ಹಾಗೆಂದು ಗದ್ದೆಗೋ ಕೆರೆಗೋ ಇಳಿಯುವವರು ಎಂದು ತಿಳಿಯಬೇಡಿ. ಕೆಸರು ಕಂಡರೆ ಅವರು ಪ್ಯಾಂಟು ಎತ್ತಿ ಹಿಂದೆ ಸರಿಯುತ್ತಾರೆ. ಅವರ ಪರಿಚಯದ ಪ್ರಾಣಿಗಳೆಲ್ಲ ಕಾರ್ಕಳದ ಕಾಲೇಜಿನ ಲ್ಯಾಬಿನಲ್ಲಿ ಫಾರ್ಮಲಿನ್ ಬಾಟಲಿಯೊಳಗೆ ಇರುವಂಥವು. ಅವು ಓಡುವುದಿಲ್ಲ, ಕಚ್ಚುವುದಿಲ್ಲ, ಎದುರು ಮಾತಾಡುವುದಿಲ್ಲ. ಅಂಥ ಗೃಹಸ್ಥರಿಗೆ ಹೆಂಡತಿ ಎಂಬ ಪ್ರಾಣಿಯ ಜೊತೆ ಹೊಂದಿಕೊಳ್ಳಲು ಎಷ್ಟು ಕಷ್ಟವಾಗಿರಬಹುದು ಎಂದು ನೀವೇ ಊಹಿಸಿ.

ನಮ್ಮ ಕಡೆ ಬಾವಿಗೆ ಆಮೆ ಬಿಡುವ ಪದ್ಧತಿ ಉಂಟು. ಹುಳುಹುಪ್ಪಟೆ, ಬಿದ್ದ ಎಲೆ ಎಲ್ಲ ತಿಂದು ಅದು ನೀರನ್ನು ಚೊಕ್ಕಟ ಇಡುತ್ತದೆ ಎಂಬ ನಂಬಿಕೆ. ತಿಂದದ್ದನ್ನು ಆಮೆ ಎಲ್ಲಿ ಬಿಡುತ್ತದೆ ಎಂದು ಮದುವೆಯಾದ ಹೊಸತರಲ್ಲಿ ನಾನು ಅತ್ತೆಯನ್ನು ಕೇಳಿದ್ದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಆ ಪ್ರಶ್ನೆ ಮತ್ತೆ ಯಾವತ್ತೂ ಬಾಯಿಗೆ ಬರಲಿಲ್ಲ. ಈ ಬಾವಿ ತೋಡಿಸಿದ ವರ್ಷ ಅವರ ತಾಯಿ ಕಾರ್ಕಳದ ತವರಿನ ಕೆರೆಯಿಂದ ಒಂದು ಮರಿಯಾಮೆಯನ್ನು ಬುಟ್ಟಿಯಲ್ಲಿಟ್ಟು ತಂದು ಬಿಟ್ಟದ್ದಂತೆ. ಅತ್ತೆ ಈ ಮನೆಗೆ ಬಂದದ್ದೂ ಅದೇ ವರ್ಷ. ಬೆಳಿಗ್ಗೆ ನೀರು ಸೇದುವಾಗ ಒಮ್ಮೆ ಕೆಳಗೆ ಬಗ್ಗಿ ಆ ಕಪ್ಪು ಬೆನ್ನು ಕಂಡ ಮೇಲೆಯೇ ಅವರ ಕೊಡಪಾನ ಕೆಳಗಿಳಿಯುತ್ತಿತ್ತು.

ಆ ಬೇಸಗೆಯ ಕೊನೆಗೆ ಬಾವಿಯ ಕೆಸರು ತೆಗೆಯಲು ಗದಗ ಕಡೆಯ ಆಳುಗಳು ಬಂದರು. ಕೆಳಗಿಳಿದವನು "ಅಮ್ಮಾರ, ಆಮಿ ಐತ್ರಿ ಇಲ್ಲಿ! ಮ್ಯಾಲೆ ಕಳಸ್ಲೇನ್ರಿ?" ಎಂದು ಕೂಗಿದ. ಬುಟ್ಟಿಯಲ್ಲಿ ಕೂತು ಆಮೆ ಮೇಲೆ ಬಂತು. ನೀರು ತಿಳಿಯಾಗುವವರೆಗೆ ಅದನ್ನು ದೊಡ್ಡ ಬೋಗುಣಿಯಲ್ಲಿಟ್ಟು ಮರುದಿನ ವಾಪಸು ಬಿಡುವುದು ನಮ್ಮ ಮನೆಯ ರೂಢಿ. ಆದರೆ ಆ ಸಂಜೆ ನಮ್ಮವರು ಕಾಲೇಜಿನಿಂದ ಬೇಗ ಬಂದುಬಿಟ್ಟರು. ಬೋಗುಣಿಗೆ ಬಗ್ಗಿದವರೇ "ಟ್ರೈಜುಗ!" ಎಂದರು. ಅತ್ತೆ ಹೆದರಿ ಎರಡು ಹೆಜ್ಜೆ ಹಿಂದೆ ಹೋದರು. ಮಗನಿಗೆ ಏನೋ ಕಚ್ಚಿತು ಎಂದುಕೊಂಡರಂತೆ.

ಕಚ್ಚಿದ್ದು ಹೌದು, ವಿದ್ಯೆ. ಅದರ ಪೂರ್ತಿ ಹೆಸರು ಮೆಲನೋಕೆಲಿಸ್ ಟ್ರೈಜುಗ. ಕಪ್ಪು ಆಮೆ, ಬೆನ್ನ ಮೇಲೆ ಮೂರು ಏಣು ಎಂದು ಅರ್ಥ. ಇಷ್ಟು ಹೇಳಲು ಲ್ಯಾಟಿನ್ನು ಗ್ರೀಕು ಎರಡೂ ಯಾಕೆ ಬೇಕಿತ್ತೋ, ಅದು ಕಪ್ಪು ಎಂದೂ ಬೆನ್ನ ಮೇಲೆ ಮೂರು ಏಣು ಉಂಟೆಂದೂ ನಮಗೆಲ್ಲ ಕಾಣುತ್ತಲೇ ಇತ್ತು. ಇಲ್ಲಿಗೆ ಮುಗಿಯಿತು ಎಂದು ನಾನು ಚಹಾ ತಂದೆ. ಮುಗಿಯಲಿಲ್ಲ. ಈ ಪ್ರಭೇದದಲ್ಲಿ ಉಪಪ್ರಭೇದಗಳುಂಟು. ನಮ್ಮದು ಯಾವುದು ಎಂದು ಹೇಳಬೇಕಾದರೆ ತಲೆಯ ಬಣ್ಣ ನೋಡಬೇಕು. ಆಮೆಯೋ ತಲೆಯನ್ನು ಒಳಗೆ ಎಳೆದುಕೊಂಡದ್ದು ಹೊರಗೆ ಹಾಕಲೊಲ್ಲದು. ನಮ್ಮವರು ಬೋಗುಣಿಯ ಮುಂದೆ ಮಣೆ ಹಾಕಿ ಕೂತರು. ಅದು ಅವರಿಗೆ ಹೆದರಿ ತಲೆ ಹಾಕಲಿಲ್ಲ, ಅವರು ಅದು ತಲೆ ಹಾಕದೆ ಏಳಲಿಲ್ಲ. ಇಬ್ಬರಲ್ಲಿ ಯಾರು ಹೆಚ್ಚು ಹಟಮಾರಿ ಎಂದು ನನ್ನನ್ನು ಕೇಳಿದ್ದರೆ ನಾನು ಆಮೆಯ ಪರವಾಗಿ ಸಾಕ್ಷಿ ಹೇಳುತ್ತಿದ್ದೆ.

"ನಾಳೆ ಬಾವಿಗೆ ಬಿಡು ಮಗಾ" ಎಂದರು ಅತ್ತೆ.

"ಹಾಗೆಲ್ಲ ಬಿಡ್ಲಿಕ್ಕಾಗುವುದಿಲ್ಲ ಅಮ್ಮ. ಯಾವುದು ಅಂತ ಖಚಿತ ಆಗ್ಬೇಕು. ನಾಳೆ ಯಾರಾದರೂ ಕೇಳಿದರೆ ಎಂತ ಹೇಳುವುದು?"

"ಇಷ್ಟು ವರ್ಷ ಯಾರು ಕೇಳಿದ್ದಾರೆ?"

ಅವರು ಪುಸ್ತಕ ಬಿಡಿಸಿ ಕೂತರು. ಪುಸ್ತಕದಲ್ಲಿ ಬೇರೆಯೇ ತೊಂದರೆ ಇತ್ತು. ಅವರು ಓದುವಾಗ ಈ ಆಮೆ ಎಮಿಡಿಡೇ ಕುಟುಂಬದ್ದಾಗಿತ್ತು. ಲೈಬ್ರರಿಯಿಂದ ತಂದ ಪುಸ್ತಕ ಬಟಗೂರಿಡೇ ಎಂದಿತು. ಮಣಿಪಾಲದಲ್ಲಿದ್ದ ಸ್ನೇಹಿತರೊಬ್ಬರ ಜೊತೆ ಸೈಬರ್ ಸೆಂಟರಿನಲ್ಲಿ ಕೂತು ಹುಡುಕಿದಾಗ ಅದು ಜಿಯೋಎಮಿಡಿಡೇ ಆಗಿಬಿಟ್ಟಿತ್ತು. ಕುಲದ ಹೆಸರೂ ಅಷ್ಟೇ. ಎಮಿಸ್, ನಿಕೋರಿಯಾ, ಜಿಯೋಎಮಿಡಾ ಎಂದೆಲ್ಲ ಕರೆಸಿಕೊಂಡು ಈಗಿನ ಹೆಸರಿಗೆ ಬಂದದ್ದಂತೆ. ನಮ್ಮ ತುಳುನಾಡಿನಲ್ಲಿ ಹೊಸಬರು ಎದುರಾದರೆ ಮೊದಲು ಯಾವ ಮನೆ ಎಂದು ಕೇಳುತ್ತೇವೆ, ಆಮೇಲೆ ಬಳಿ ಯಾವುದು ಎಂದು. ಬಳಿ ಎಂದರೆ ಗೋತ್ರದ ಹಾಗೆ, ಆದರೆ ತಾಯಿಯಿಂದ ಬರುವುದು. ಹೆಣ್ಣು ಮದುವೆಯಾಗಿ ಎಲ್ಲಿಗೆ ಹೋದರೂ ಬದಲಾಗುವುದಿಲ್ಲ. ನಾನು ಈ ಮನೆಗೆ ಬಂದು ಅಡುಗೆಯ ರುಚಿ, ಏಳುವ ಹೊತ್ತು, ಸೀರೆಯ ಬಣ್ಣ ಎಲ್ಲ ಬದಲಿಸಿಕೊಂಡರೂ ನನ್ನ ಬಳಿ ನನ್ನದೇ. ಆಮೆಗೆ ಮಾತ್ರ ಯಾರನ್ನೂ ಕಟ್ಟಿಕೊಳ್ಳದೆ, ಬಾವಿಯಿಂದ ಅಲ್ಲಾಡದೆ, ಮೂರು ಕುಟುಂಬ! ದೂರದ ಊರಿನ ವಿದ್ವಾಂಸರು ಬೆಳಿಗ್ಗೆ ಎದ್ದು ಅದನ್ನು ಒಂದು ಮನೆಯಿಂದ ಹೊರಗೆ ಹಾಕಿ ಇನ್ನೊಂದು ಮನೆಗೆ ಸೇರಿಸುತ್ತಾರೆ. ಅದಕ್ಕೆ ಒಂದು ಮಾತು ತಿಳಿಸುವ ಮರ್ಯಾದೆಯೂ ಅವರಿಗಿಲ್ಲ.

ಇಷ್ಟಾಗುವಾಗ ನಮ್ಮ ಬಾವಿಯಲ್ಲಿ ನೀರು ತಿಳಿಯಾಗಿ ಆಕಾಶ ಕಾಣುತ್ತಿತ್ತು. ಆದರೆ ಅತ್ತೆ ಆ ನೀರು ಮುಟ್ಟಲಿಲ್ಲ. "ಕಾಯುವವರಿಲ್ಲದ ಬಾವಿಯ ನೀರು ನನಗೆ ಬೇಡ" ಎಂದು ಪಕ್ಕದ ಮನೆಯಿಂದ ಕೊಡಪಾನದಲ್ಲಿ ತಂದು ಕುಡಿಯತೊಡಗಿದರು. ಮಂಡಿನೋವಿನ ಹೆಂಗಸು, ಏರುದಾರಿ. "ನಾನು ತರ್ತೇನೆ ಮಾಮಿ" ಎಂದರೂ ಕೇಳಲಿಲ್ಲ. ನನಗೆ ಬೇಜಾರಾಗುತ್ತಿತ್ತು. ನಮ್ಮವರಿಗೂ ಆಗುತ್ತಿತ್ತೋ ಏನೋ, ಅವರ ತಲೆಯೂ ಪುಸ್ತಕದ ಒಳಗೆ ಹೋಗಿದ್ದರಿಂದ ಬಣ್ಣ ಗೊತ್ತಾಗಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಕಾಪುವಿನ ಭಾವ ಬಂದರು. ಭಾವ ಎಂದರೆ ನಮ್ಮವರ ಅಕ್ಕನ ಗಂಡ. ಕಾಪುವಿನಲ್ಲಿ ಹಾರ್ಡ್‌ವೇರ್ ಅಂಗಡಿ, ಜೊತೆಗೆ ಒಂದು ಸಂಘದ ಅಧ್ಯಕ್ಷಗಿರಿ. ಆ ಸಂಘ ಗಿಡ ನೆಡುತ್ತದೆ, ಕಣ್ಣು ಪರೀಕ್ಷೆ ಮಾಡಿಸುತ್ತದೆ, ನಡುನಡುವೆ ಪದಾಧಿಕಾರಿಗಳೇ ಒಬ್ಬರಿಗೊಬ್ಬರು ಶಾಲು ಹೊದಿಸಿಕೊಳ್ಳುತ್ತಾರೆ. ಆಮೆಯ ವಿಷಯ ಫೋನಿನಲ್ಲಿ ಕೇಳಿದ್ದ ಭಾವ ಆಗಲೇ ಎಲ್ಲ ನಿಶ್ಚಯ ಮಾಡಿ ಓಮ್ನಿ ವ್ಯಾನು ತಂದಿದ್ದರು. ಆ ಸಂಜೆ ಕಾಪು ಬೀಚಿನಲ್ಲಿ ಸಭಾ ಕಾರ್ಯಕ್ರಮ, ಕೊನೆಯಲ್ಲಿ ಆಮೆಯನ್ನು ಕಡಲಿಗೆ ಬಿಡುವುದು, ಪೇಪರಿನವರು ಬರುತ್ತಾರೆ.

ನನಗೆ ತಡೆಯಲಾಗಲಿಲ್ಲ. "ಭಾವ, ಇದು ಬಾವಿಯದ್ದು. ಉಪ್ಪುನೀರಿನಲ್ಲಿ ಬದುಕ್ತದಾ?"

"ಎಂತ ಮಾರಾಯ್ತಿ, ಆಮೆ ಅಂದ್ರೆ ಕಡಲೇ ಅಲ್ವಾ? ಕೂರ್ಮಾವತಾರ ಆದದ್ದು ಬಾವಿಯಲ್ಲಿಯಾ, ಸಮುದ್ರದಲ್ಲಿಯಾ?"

ನಾನು ನಮ್ಮವರ ಮುಖ ನೋಡಿದೆ. ಇದು ಅವರ ವಿಷಯ, ಅವರ ಡಿಗ್ರಿ, ಅವರ ಸಂಬಳ. ಅವರು ಗಂಟಲು ಸರಿಮಾಡಿಕೊಂಡು, "ಭಾವ, ವಾಸಸ್ಥಾನದ ದೃಷ್ಟಿಯಿಂದ ನೋಡಿದರೆ ಇದು ಮೂಲತಃ ಸಿಹಿನೀರಿನ..." ಎಂದು ಶುರು ಮಾಡಿದರು.

"ಅದನ್ನೇ ಅಲ್ಲಿ ಮೈಕಿನಲ್ಲಿ ಹೇಳಿ. ಉಪನ್ಯಾಸ ನಿಮ್ಮದೇ. ನಿಮಗೂ ಒಂದು ಶಾಲು ಇಟ್ಟಿದ್ದೇವೆ" ಎಂದರು ಭಾವ.

ನಮ್ಮವರು ಒಳಗೆ ಬಂದು, ಇಸ್ತ್ರಿ ಮಾಡಿದ ಅಂಗಿ ಎಲ್ಲಿದೆ ಎಂದು ನನ್ನನ್ನು ಕೇಳಿದರು. ಇಪ್ಪತ್ತು ಬಾಟಲಿ ಹಲ್ಲಿಗಳ ಎದುರು ಪಾಠ ಮಾಡಿ ಸವೆದ ಮನುಷ್ಯನಿಗೆ ಒಂದು ಶಾಲು ಎಂದರೆ ಏನೆಂದು ನನಗೂ ಗೊತ್ತು. ಆದರೂ ಆ ಅಂಗಿಯನ್ನು ನಾನು ಹುಡುಕಿ ಕೊಡಲಿಲ್ಲ. ಅವರೇ ಹುಡುಕಿ ಹಾಕಿಕೊಂಡರು, ಗುಂಡಿ ಒಂದು ಮೇಲೆ ಕೆಳಗೆ.

ಓಮ್ನಿ ಹೋದ ಮೇಲೆ ಅತ್ತೆ ಪಕ್ಕದ ಮನೆಯಿಂದ ನೀರು ಹೊತ್ತು ಬಂದರು. ಬರಿದಾದ ಜಾಗ ನೋಡಿದರು. ನಾನು ಎಲ್ಲ ಹೇಳಿದೆ. ಅವರು ಕೊಡಪಾನ ಇಳಿಸಿ, ತರಕಾರಿಯ ಚೀಲ ತೆಗೆದುಕೊಂಡು, "ನಡಿ" ಎಂದರು ಅಷ್ಟೇ. ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಕಾಪುವಿಗೆ ಇನ್ನೊಂದು. ಬಸ್ಸಿನಲ್ಲಿ ಬಹಳ ಹೊತ್ತು ಹೊರಗೆ ನೋಡುತ್ತಿದ್ದವರು ಒಮ್ಮೆಲೇ ನನ್ನ ಕಡೆ ತಿರುಗಿ, "ತವರಿನ ಕೆರೆಯನ್ನು ಮುಚ್ಚಿ ಅಲ್ಲಿ ಬಿಲ್ಡಿಂಗ್ ಕಟ್ಟಿದ್ದಾರೆ. ನನ್ನ ಕಡೆಯದ್ದು ಅಂತ ಉಳಿದದ್ದು ಅದೊಂದೇ" ಎಂದರು. ನಾನು ಅವರ ಕೈ ಹಿಡಿದು ಕೂತೆ.

ಡ್ರೈವರು ಹೊತ್ತು ಮಾಡಿದರೂ ನಾವು ಹೆದರಬೇಕಾಗಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಸಭೆಯಿಲ್ಲದೆ ಏನೂ ನಡೆಯುವುದಿಲ್ಲ, ಸಭೆ ಎಂದ ಮೇಲೆ ಅದು ಬೇಗ ಮುಗಿಯುವುದಿಲ್ಲ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಅತಿಥಿಗಳ ಪರಿಚಯ, ಆ ಅತಿಥಿಗಳನ್ನು ಪರಿಚಯಿಸಿದವರ ಪರಿಚಯ! ಸಮುದ್ರದ ಗಾಳಿಗೆ ದೀಪ ಆರುತ್ತಲೇ ಇತ್ತು, ಅವರು ಹಚ್ಚುತ್ತಲೇ ಇದ್ದರು. ಈ ಹಾಳು ಸಂಪ್ರದಾಯವನ್ನು ನಾನು ಜೀವನವಿಡೀ ಬೈದಿದ್ದೇನೆ. ಆ ಒಂದು ದಿನ ಮಾತ್ರ ಕೈಮುಗಿದೆ. ಲೈಟ್‌ಹೌಸಿನ ಕೆಳಗೆ ಮರಳಿನಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಬೋಗುಣಿ, ಬೋಗುಣಿಯ ಸುತ್ತ ಒಂದು ಚೆಂಡು ಮಲ್ಲಿಗೆ. ಶಾಲು ಹೊದ್ದ ನಮ್ಮವರು ಮೈಕಿನ ಮುಂದೆ ಎರಡನೆಯ ಕುಟುಂಬದಿಂದ ಮೂರನೆಯದಕ್ಕೆ ಹೋಗುತ್ತಿದ್ದರು. ನಡುವೆ ಒಂದು ಸಲ "ಸಿಹಿನೀರಿನ ಆಮೆ" ಎಂದರು, ನಾನು ಕಿವಿಯಾರೆ ಕೇಳಿದೆ. ಜನ ಚಪ್ಪಾಳೆ ತಟ್ಟಿದರು.

ಕೊನೆಗೆ ಭಾವ ಆಮೆಯನ್ನು ಎತ್ತಿ ಒದ್ದೆ ಮರಳಿನಲ್ಲಿ ಕಡಲಿಗೆ ಮುಖ ಮಾಡಿ ಇಟ್ಟರು. ಮರಳಿನಲ್ಲಿ ಕಾಲು ಹೂಳುತ್ತಿದ್ದುದರಿಂದ ಅತ್ತೆಗೆ ಬೇಗ ನಡೆಯಲಾಗಲಿಲ್ಲ. ಅಷ್ಟರಲ್ಲಿ ಆಮೆ ಇಷ್ಟು ದಿನದ ಮೇಲೆ ಮೊದಲ ಸಲ ತಲೆ ಹೊರಗೆ ಹಾಕಿತು. ಜಿಲ್ಲೆಯ ಪ್ರಾಣಿಶಾಸ್ತ್ರವೇ ಕಾದು ಕೂತಿದ್ದ ಆ ಗಳಿಗೆಯಲ್ಲಿ ನಮ್ಮವರು ಶಾಲಿನ ಜರಿ ನೋಡಿಕೊಳ್ಳುತ್ತಿದ್ದರು. ಆಮೆ ಅರಬ್ಬೀ ಸಮುದ್ರವನ್ನು ಒಮ್ಮೆ ನೋಡಿ, ಹಿಂದಕ್ಕೆ ತಿರುಗಿ, ಅತಿಥಿಗಳ ಕುರ್ಚಿಯ ಕಡೆ ಹೊರಟಿತು. ಭಾವ ಅದನ್ನು ತಿರುಗಿಸಿ ಇಟ್ಟರು. ಅದು ಮತ್ತೆ ತಿರುಗಿತು. "ಅದಕ್ಕೆ ನಮ್ಮನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಿಲ್ಲ" ಎಂದು ಭಾವ ಮೈಕಿಲ್ಲದೆಯೇ ಘೋಷಿಸಿದರು. ಫೋಟೋದವನ ಕಡೆ ನೋಡಿ, ಈ ಸಲ ಅಲೆಯೊಳಗೇ ಎಸೆಯುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡರು.

ಅತ್ತೆ ಅವರ ಎದುರು ಹೋಗಿ ಚೀಲದ ಬಾಯಿ ಅಗಲಿಸಿ ಹಿಡಿದರು.

"ಮಾಮಿ, ಎಂತ ಇದು? ಫೋಟೋ ಆಗ್ಲಿಲ್ಲ ಇನ್ನೂ!"

ಅಳಿಯನ ಎದುರು ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ಹೆಂಗಸು. ಆದರೆ ಆಡಿದ್ದು ಸುತ್ತ ನಿಂತವರಿಗೆಲ್ಲ ಕೇಳಿತು. "ಹೆಸರು, ಕುಟುಂಬ ಗೊತ್ತಿಲ್ಲದ್ದನ್ನು ಬಿಡ್ಲಿಕ್ಕೆ ಇಲ್ಲ ಅಂತ ಹೇಳಿದ್ದು ನನ್ನ ಮಗನೇ ಅಲ್ವಾ? ಈ ಮಗನದ್ದಾದರೆ ಹೆಸರು, ಮನೆ, ಬಳಿ ಎಲ್ಲ ನನಗೆ ಗೊತ್ತುಂಟು. ಕಡಲಿಗೆ ಬಿಡ್ಲಿಕ್ಕೆ ಯಾರಾದ್ರೂ ಬೇಕಾದ್ರೆ ಇವನನ್ನು ಬಿಡಿ. ಶಾಲು ಸಹ ಹಾಕಿ ಆಗಿದೆ."

ಭಾವನ ಕೈಗಳು ತಾವಾಗಿಯೇ ಕೆಳಗಿಳಿದವು. ಆಮೆ ಚೀಲದೊಳಗೆ ಹೋಯಿತು. ಹಿಂದಿನಿಂದ ಯಾರೋ ವಂದನಾರ್ಪಣೆ ಶುರು ಮಾಡಿದರು. ನಮ್ಮವರು ಶಾಲು ಮಡಚಿ ಕಂಕುಳಲ್ಲಿಟ್ಟುಕೊಂಡು, ಸನ್ಮಾನದ ಹಣ್ಣಿನ ಬುಟ್ಟಿಯನ್ನೂ ಹಿಡಿದು, ಬಸ್‌ಸ್ಟಾಂಡಿನವರೆಗೆ ನಮ್ಮ ಹಿಂದಿನಿಂದಲೇ ಬಂದರು. ಬಸ್ಸಿನಲ್ಲಿ ಅಮ್ಮನ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಇದ್ದರು. ಕತ್ತಲಾದ ಮೇಲೆ ಮನೆ ತಲುಪಿದೆವು. ಅತ್ತೆ ಆಮೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗ ಬಿಟ್ಟರು. ಹಗ್ಗದ ಇನ್ನೊಂದು ಭಾಗವನ್ನು ನಮ್ಮವರು ಯಾರೂ ಹೇಳದೆಯೇ ಹಿಡಿದರು. ಕೆಳಗೆ ಗುಳುಂ ಎಂದಿತು. ನೀರು ಅಲ್ಲಾಡುವುದು ನಿಂತ ಮೇಲೆ ಅತ್ತೆ ಒಂದು ಕೊಡ ಸೇದಿ, ಬೊಗಸೆಯಲ್ಲೇ ಹೊಟ್ಟೆ ತುಂಬ ಕುಡಿದರು.

ಎರಡು ದಿನ ಬಿಟ್ಟು ಪೇಪರಿನಲ್ಲಿ ಫೋಟೋ ಬಂತು. ಭಾವ ಅಲೆಯ ಅಂಚಿನಲ್ಲಿ ಖಾಲಿ ಬೋಗುಣಿ ಬಗ್ಗಿಸಿ ನಿಂತಿದ್ದಾರೆ, ಮುಖದಲ್ಲಿ ಅಪಾರ ಕರುಣೆ. ಕೆಳಗೆ, ಅಪರೂಪದ ಆಮೆಯನ್ನು ಸುರಕ್ಷಿತವಾಗಿ ಸಮುದ್ರ ಸೇರಿಸಲಾಯಿತು ಎಂದು ಸುದ್ದಿ. ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ದೊಡ್ಡ ಸುಳ್ಳನ್ನು ಹೀಗೆ ಬಿಡಬಾರದು, ಸಂಪಾದಕರಿಗೆ ಇವತ್ತೇ ಬರೆದು ಹಾಕುತ್ತೇನೆ ಎಂದು ಪೆನ್ನು ಹುಡುಕಿದೆ. ನಮ್ಮವರು ತಲೆ ತಗ್ಗಿಸಿ ತಿಂಡಿ ತಿನ್ನುತ್ತಿದ್ದರು. ಅತ್ತೆ ಸುದ್ದಿಯನ್ನು ನನ್ನಿಂದ ಇನ್ನೊಮ್ಮೆ ಓದಿಸಿ ಕೇಳಿಕೊಂಡರು.

"ಎಂತದ್ದೂ ಬರೆಯಬೇಡ. ಅದು ಕಡಲಿಗೆ ಹೋಗಿದೆ ಅಂತ ಇರಲಿ. ಇನ್ನು ಯಾರೂ ಅದನ್ನು ಹುಡುಕಿಕೊಂಡು ಬರುವುದಿಲ್ಲ" ಎಂದರು.