ರೋಶನ್ ಬೀಯ ಕಿವಿ

ನೋಡಿದರೆ ಹೆಚ್ಚು ಬೆಲೆ ಕಟ್ಟುವ ಆಳಲ್ಲ ರೋಶನ್ ಬೀ. ಐದಡಿಗೆ ಎರಡು ಬೆರಳು ಕಮ್ಮಿ. ಐವತ್ತು ದಾಟಿದ ವಯಸ್ಸು. ಅರಗಿನ ಬಣ್ಣ ಹತ್ತಿ ಎಂದೂ ಬಿಳುಪಾಗದ ಉಗುರು, ಸೆರಗಿನ ತುಂಬ ಮರದ ಹೊಟ್ಟು. ಚನ್ನಪಟ್ಟಣದಲ್ಲಿ ಗೊಂಬೆ ಅಂಗಡಿ ಇಟ್ಟಿದ್ದ ನಟರಾಜು ಅವಳನ್ನು ಮೊದಲ ಸಲ ಅಳೆದಾಗ, ದಿನಕ್ಕೆ ನಲವತ್ತು ಬುಗುರಿ ಕಡೆಯುವ ಹೆಂಗಸು, ಅದರಾಚೆ ಏನಿಲ್ಲ ಎಂದುಕೊಂಡಿದ್ದ. ಸರಕಿರುವುದು ಅವಳ ಕಿವಿಯಲ್ಲಿ ಎಂದು ತಿಳಿಯಲು ಅವನಂಥ ಚಾಲಾಕಿಗೂ ಒಂದು ವರ್ಷ ಹಿಡಿಯಿತು.

ಗೊಂಬೆ ಮಾಡುವ ಆಲೆ ಮರದ ಗಾಡಿ ಅವಳ ಬೀದಿಗೆ ಬಂದರೆ ರೋಶನ್ ಬೀ ಬರುವ ತನಕ ಯಾರೂ ಕೈ ಹಾಕುತ್ತಿರಲಿಲ್ಲ. ಅವಳು ಎರಡು ತುಂಡು ಎತ್ತಿ, ಒಂದಕ್ಕೊಂದು ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಸಿ ಮರವಾದರೆ ಗೊಂಬೆ ತಿಂಗಳೊಳಗೆ ಸೀಳು ಬಿಡುತ್ತದೆ. "ಇಳ್ಸಿ" ಎಂದರೆ ಬೀದಿಯ ಹನ್ನೆರಡು ಗೊಂಬೆ ಮನೆಯವರೂ ಇಳಿಸಿಕೊಳ್ಳುತ್ತಿದ್ದರು. "ವಾಪಸ್ ಹೊಡಿ" ಎಂದರೆ ಗಾಡಿಯವನು ಗೊಣಗುತ್ತ ಎತ್ತು ತಿರುಗಿಸುತ್ತಿದ್ದ.

ಎರಡು ಸಾವಿರದ ನಾಲ್ಕನೇ ಇಸವಿ. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಬೀದಿಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಿದ್ದರು. ಗೊಂಬೆಗೆ ಗಿರಾಕಿ ಕಮ್ಮಿಯಾದಾಗ ನಟರಾಜು ಬೆಂಗಳೂರಿನ ಯಾವುದೋ ಕಂಪನಿಯ ಏಜೆನ್ಸಿ ಹಿಡಿದ. ಗೊಂಬೆಯವರಿಗೆ ಒಂದು ವೆಬ್‌ಸೈಟ್ ಮಾಡಿಕೊಟ್ಟು, ಅದನ್ನು ಐನೂರು ಸರ್ಚ್ ಎಂಜಿನ್‌ಗಳಿಗೆ ಸೇರಿಸುವುದು. ಅದಕ್ಕೆ ವರ್ಷಕ್ಕಿಷ್ಟು ಫೀಜು. ಮೊದಲ ಗಿರಾಕಿ ರೋಶನ್ ಬೀ.

"ಇದೇನ್ ನಟರಾಜು, ಐನೂರಾ?"

"ಐನೂರು ಅಕ್ಕ. ಲೋಕದಲ್ಲಿ ಯಾವನೇ ಬೊಂಬೆ ಅಂತ ಹುಡುಕ್ಲಿ, ನಿಮ್ಮನೆ ಬಾಗ್ಲಿಗೇ ತಂದ್ ನಿಲ್ಲುಸ್ತವೆ."

"ಐನೂರು ಜನ ಬಂದ್ರೆ ಟೀ ಯಾರಪ್ಪ ಕೊಡೋರು?"

ಮೂರು ವಾರಕ್ಕೆ ಪುಣೆಯ ಶಾಲೆಯೊಂದರಿಂದ ಆರ್ಡರ್ ಬಂತು. ಅವಳಿಗೆ ಈಮೇಲ್ ಇಲ್ಲದ್ದರಿಂದ ಎಲ್ಲ ಕಡೆಯೂ ನಟರಾಜನ ಅಂಗಡಿಯ ಈಮೇಲ್ ವಿಳಾಸವೇ ಇತ್ತು. ಪತ್ರದ ಎರಡನೇ ಸಾಲಿನಲ್ಲಿ, ಕರಕುಶಲ ಮೇಳದವರ ವೆಬ್ ಪುಟದಲ್ಲಿ ನಿಮ್ಮ ಹೆಸರು ನೋಡಿದೆವು ಎಂದಿತ್ತು. ಮೇಳದವರು ಒಂದು ವರ್ಷದ ಹಿಂದೆಯೇ, ಒಂದು ಕಾಸೂ ಕೇಳದೆ, ಹಾಕಿದ್ದ ಹೆಸರು. ನಟರಾಜು ಆ ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದ. ಅವಳು ಅವನ ಅಂಗಡಿಗೆ ಒಂದು ಡಬ್ಬ ಮೈಸೂರು ಪಾಕು ತಂದುಕೊಟ್ಟಳು. ಅವನು ತಿಂದ.

ಪಕ್ಕದ ಮನೆಯ ಜಬ್ಬಾರ್ ಮಾತ್ರ ಫೀಜು ಕಟ್ಟಲು ಹಿಂದೆಮುಂದೆ ನೋಡುತ್ತಿದ್ದ. "ನೀನ್ ಹೇಳಕ್ಕ, ಕಟ್ಲಾ?" ರೋಶನ್ ಬೀ ಗಾಡಿಯ ಮುಂದೆ ಹೇಳುವಂತೆಯೇ ಹೇಳಿದಳು: "ಕಟ್ಟು." ಉಳಿದ ಹನ್ನೊಂದು ಮನೆಯವರೂ ಕಟ್ಟಿದರು. ಅವರಲ್ಲಿ ಯಾರಿಗೂ ಒಂದು ಆರ್ಡರ್ ಬರಲಿಲ್ಲ.

ಆರು ತಿಂಗಳಿಗೆ ಪುಣೆಯ ಆ ಶಾಲೆಯ ಮೇಷ್ಟ್ರೇ ರೈಲಿಳಿದು ಬಂದರು. ಅವಳ ಲೇತಿನ ಪಕ್ಕ ಕೂತು, ಪತ್ರದಲ್ಲೇ ಬರೆದಿದ್ದೆವಲ್ಲ, ಮೇಳದ ಪುಟ ನೋಡದಿದ್ದರೆ ನಿಮ್ಮ ಪರಿಚಯವೇ ಆಗುತ್ತಿರಲಿಲ್ಲ ಎಂದು ಹಿಂದಿಯಲ್ಲಿ ಹೊಗಳಿದರು. ಮಾರನೇ ದಿನ ರೋಶನ್ ಬೀ ಕಂಪನಿಯ ಐನೂರು ಹೆಸರಿನ ಪಟ್ಟಿಯನ್ನು ಸೈಬರ್ ಸೆಂಟರಿನ ಭಾನುಪ್ರಿಯಳ ಮುಂದಿಟ್ಟಳು. ಎರಡು ಮಧ್ಯಾಹ್ನ ಪಕ್ಕದಲ್ಲೇ ಕೂತು ಒಂದೊಂದನ್ನೂ ತೆರೆಸಿದಳು, ಮರದ ತುಂಡು ಬಡಿದು ನೋಡಿದ ಹಾಗೆ. ಅರ್ಧದಷ್ಟು ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಬರೀ ಜಾಹೀರಾತು.

"ಜನ ಹುಡ್ಕೋದು ಮೂರೋ ನಾಕೋ ಕಡೆ ಕಣಕ್ಕ," ಎಂದಳು ಭಾನುಪ್ರಿಯ. "ಅವು ಒಂದು ಪುಟದಿಂದ ಇನ್ನೊಂದಕ್ಕೆ ದಾರಿ ಹಿಡ್ಕಂಡು ತಾವೇ ಬತ್ತವೆ. ಬರ್ದಿದ್ರೆ ನಾವೇ ಪುಕ್ಕಟೆ ಬರ್ದು ತಿಳುಸ್ಬೋದು. ಇದುಕ್ಕೆ ದುಡ್ ಕೊಟ್ರಾ?"

ಅಲ್ಲಿಂದ ರೋಶನ್ ಬೀ ಸೀದಾ ನಟರಾಜನ ಅಂಗಡಿಗೆ ಬಂದಳು. ಕೂರಲಿಲ್ಲ.

"ಪುಣೆ ಕಾಗ್ದದಲ್ಲಿ ಮೇಳದ್ ಸಾಲು ಗೊತ್ತಿದ್ದೇ ಬುಟ್ಟೆಯಾ, ಗೊತ್ತಿಲ್ದೇನಾ?"

ಹತ್ತು ಗಿರಾಕಿಗಳನ್ನು ಒಂದೇ ಉಸಿರಿನಲ್ಲಿ ಮಾತಾಡಿಸುವ ನಟರಾಜು ಗಲ್ಲಾ ಪೆಟ್ಟಿಗೆಗೆ ಕೈ ಹಾಕಿದ. "ಗೊತ್ತಿದ್ದೇ ಅಕ್ಕ. ಎಲ್ಲಾರ ದುಡ್ಡೂ ವಾಪಸ್ ಕೊಟ್ಬುಡ್ತೀನಿ."

"ಕೊಡು, ಅದು ಅವರ್ದು. ನಂದು ಬೇರೆ ಐತೆ. ನಿನ್ ಮಾತು ಕೇಳಿ ನಾನು ಕಟ್ಟು ಅಂದೆ. ಗುರುವಾರ ಗಾಡಿ ಬತ್ತೈತೆ, ಎಲ್ರೂ ಇರ್ತಾರೆ. ಬಂದು ನೀನೇ ಹೇಳು."

ದುಡ್ಡು ವಾಪಸ್ ಕೊಡುವುದು ಸುಲಭವಾಗಿತ್ತು. ಬುಧವಾರದೊಳಗೆ ಆಳಿನ ಕೈಲಿ ಮನೆಮನೆಗೆ ಕಳಿಸಿಬಿಟ್ಟ. ಗುರುವಾರ ಬೀದಿಯ ತಿರುವಿನವರೆಗೂ ಹೋದ. ಟೀ ಅಂಗಡಿಯ ಮರೆಯಲ್ಲಿ ನಿಂತು, ಬೇಡದ ಟೀ ಹೇಳಿದ.

ಗಾಡಿ ನಿಂತಿತ್ತು. ರೋಶನ್ ಬೀ ಎರಡು ತುಂಡು ಎತ್ತಿ, ಬಡಿಯದೆ, ತಿರುವಿನ ಕಡೆ ಒಮ್ಮೆ ನೋಡಿದಳು. ಅಷ್ಟರಲ್ಲಿ ಜಬ್ಬಾರ್ ಮುಂದೆ ಬಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಸಿಟ್ಟಿಗಿಂತ ಹೆಚ್ಚಾಯಿತು.

"ಇರ್ಲಿ ಬುಡಕ್ಕ. ಇನ್ಮೇಲೆ ನಮ್ದು ನಾವೇ ನೋಡ್ಕತೀವಿ."

ಹನ್ನೊಂದು ಮನೆಯವರೂ ಗಾಡಿಗೆ ಮುತ್ತಿ ಟಕಟಕ ಬಡಿಯತೊಡಗಿದರು. ಆ ಗದ್ದಲದಲ್ಲಿ ಯಾವ ಮರ ಹಸಿ, ಯಾವುದು ಒಣಗಿದ್ದು ಎಂದು ಯಾರ ಕಿವಿಗೂ ಗೊತ್ತಾಗುವಂತಿರಲಿಲ್ಲ. ರೋಶನ್ ಬೀ ಕೈಯಲ್ಲಿದ್ದ ಎರಡು ತುಂಡನ್ನೂ ಗಾಡಿಯ ಮೇಲೆ ಮೆತ್ತಗೆ ಇಟ್ಟು ಒಳಗೆ ಹೋದಳು.

ನಟರಾಜು ಟೀ ಮುಗಿಸಿ ಅಂಗಡಿಗೆ ಹಿಂತಿರುಗಿದ.

ಆ ಬೀದಿಗೆ ಈಗಲೂ ಗುರುವಾರ ಮರದ ಗಾಡಿ ಬರುತ್ತದೆ. ಅದರ ಮುಂದೆ ನಿಂತು, ತಪ್ಪಿದ್ದು ರೋಶನ್ ಬೀಯ ಕಿವಿಯಲ್ಲ, ಸುಳ್ಳು ಹೇಳಿದವನು ನಾನು ಎಂದು ಎಲ್ಲರಿಗೂ ಕೇಳುವಂತೆ ಹೇಳುವುದನ್ನು ನಟರಾಜು ಅವಳಿಗೆ ಬಾಕಿ ಉಳಿಸಿಕೊಂಡಿದ್ದಾನೆ.