ಸೆಲಿಂದಳ ನೀರು ಕುಡಿದವರು

ಕಾರಿಸೊ ಸೆಕೊ ಊರಿನಲ್ಲಿರುವುದು ಇಪ್ಪತ್ತೊಂದು ಮನೆ. ಇಪ್ಪತ್ತೊಂದೂ ಹೆದ್ದಾರಿಗೆ ಮುಖ ಮಾಡಿ, ಮರುಭೂಮಿಗೆ ಕುಂಡೆ ತೋರಿಸಿಕೊಂಡು ಕೂತಿವೆ. ಹಿಂಗೋಡೆಗೆ ಕಿಟಕಿ ಇಡುವ ಪದ್ಧತಿ ಅಲ್ಲಿಲ್ಲ. ಗಾಳಿ ಬರುತ್ತದೆ, ಮಣ್ಣು ಬರುತ್ತದೆ, ಅಷ್ಟಕ್ಕೂ ಆ ಕಡೆ ನೋಡುವುದಕ್ಕೆ ಏನಿದೆ ಮಣ್ಣಂಗಟ್ಟಿ ಎನ್ನುತ್ತಾರೆ. ಗಣಿಗೆ ಹೋಗುವ ಲಾರಿ ನೋಡುತ್ತ ಹುಟ್ಟಿ, ಗಣಿಯಿಂದ ಬರುವ ಲಾರಿ ನೋಡುತ್ತ ಸಾಯುವ ಜನ. ಇಂಥ ಊರಿನಲ್ಲಿ ಒರ್ಫೆಲೀನ ಕಾಂಪಿಯಾಯ್ ಎಂಬವಳು ತನ್ನ ಅರವತ್ತಾರನೆಯ ವಯಸ್ಸಿನಲ್ಲಿ ಸುತ್ತಿಗೆ ಹಿಡಿದು, ಮಣ್ಣಿನ ಹಿಂಗೋಡೆಯನ್ನು ತಾನೇ ಒಡೆದು ಬಾಗಿಲಿಟ್ಟಳು.

"ಆ ಕಡೆಯಿಂದ ಯಾರ್ ಬರ್ತಾರೆ ಅಂತ ಬಾಗ್ಲು, ಕೊಮಾದ್ರೆ?" ಎಂದು ಕೇಳಿದವಳು ನೆಲ್ದ ಗೊದೊಯ್. ಹೆದ್ದಾರಿಯಲ್ಲಿ ಊಟದ ಹೋಟೆಲು ಇಟ್ಟವಳು. ನೆಲ್ದಳ ಮಗಳ ಜ್ಞಾನಸ್ನಾನದಲ್ಲಿ ಒರ್ಫೆಲೀನ ಮಗುವನ್ನು ಎತ್ತಿ ಹಿಡಿದಂದಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ.

"ನಿನ್ನಂಥೋರು ಬರಲ್ವಲ್ಲ, ಅದಕ್ಕೇ ಇಟ್ಟಿದ್ದು," ಎಂದಳು ಒರ್ಫೆಲೀನ.

ನಲವತ್ತು ವರ್ಷ ಅವಳು ಆಡು ಮೇಯಿಸಿದ್ದಳು. ಆಗಲೂ ಮರುಭೂಮಿಯಲ್ಲೇ ಇದ್ದಳು, ಆದರೆ ಕಣ್ಣೆಲ್ಲ ಆಡಿನ ಬಾಲದ ಮೇಲೆ. ಮಂಡಿ ಸವೆದು ಆಡು ಮಾರಿದ ಮೇಲೆಯೇ, ಕೆಂಡದಲ್ಲಿ ಸುಟ್ಟ ರೊಟ್ಟಿ, ಗಿಣ್ಣು, ಒಂದು ಲೋಟ ಚಹಾ ಹಿಡಿದು ಆ ಹೊಸ ಬಾಗಿಲಲ್ಲಿ ಕೂತಾಗಲೇ, ಕಾಣಿಸತೊಡಗಿದ್ದು. ಬೆಳಿಗ್ಗೆ ಕಡಲಿನ ಕಡೆಯಿಂದ ಮಂಜು ಏರಿ ಬಂದು ಕೊಪಾವೊ ಕಳ್ಳಿಯ ಮುಳ್ಳುಮುಳ್ಳಿಗೂ ಒಂದೊಂದು ಹನಿ ಕಟ್ಟುತ್ತಿತ್ತು. ಹಲ್ಲಿಗಳು ಬಂದು ಅದನ್ನು ನೆಕ್ಕುತ್ತಿದ್ದವು. ಬಿಲದ ಬಾಯಲ್ಲಿ ಒಂದು ಸಣ್ಣ ಗೂಬೆ ಹಗಲೆಲ್ಲ ನಿಂತು ಬಂದುಹೋಗುವವರನ್ನು ಗದರುತ್ತಿತ್ತು. ಸಂಜೆ ಗುಡ್ಡಗಳು ಮೊದಲು ಇಟ್ಟಿಗೆ ಬಣ್ಣಕ್ಕೆ, ಆಮೇಲೆ ದ್ರಾಕ್ಷಾರಸದ ಬಣ್ಣಕ್ಕೆ ತಿರುಗಿ ಬೂದಿಯಾಗುತ್ತಿದ್ದವು. ಇದೆಲ್ಲ ಇಷ್ಟು ವರ್ಷ ಬಿಟ್ಟಿಯಾಗಿ ಹಿಂಗೋಡೆಯಾಚೆ ಬಿದ್ದಿತ್ತಲ್ಲ ಎಂದು ಅವಳಿಗೆ ಸಂತೋಷವಾಯಿತು, ಊರಿನವರ ಮೇಲೆ ತಾತ್ಸಾರವೂ ಹುಟ್ಟಿತು. ಎರಡರಲ್ಲಿ ತಾತ್ಸಾರವೇ ಚೆನ್ನಾಗಿ ಬೆಳೆಯಿತು.

ಊರಾಚೆ ಹೆದ್ದಾರಿಯ ಅಂಚಿನಲ್ಲಿ ಪುಣ್ಯಾತ್ಮೆ ಸೆಲಿಂದಳ ಗುಡಿಯಿದೆ. ಗುಡಿ ಎಂದರೆ ನಾಯಿಗೂಡಿನಷ್ಟು ದೊಡ್ಡದು. ಹಿಂದೆ ಯಾವಾಗಲೋ ಆ ಹೆಂಗಸು ಗಣಿಯಲ್ಲಿದ್ದ ಗಂಡನನ್ನು ಹುಡುಕಿ ಹೊರಟು, ಅಲ್ಲೇ ಬಾಯಾರಿ ಸತ್ತಳಂತೆ. ಅದಕ್ಕೆ ಲಾರಿಯವರು ಅವಳಿಗೆ ನೀರು ತುಂಬಿದ ಬಾಟಲಿ ಇಟ್ಟು ಹರಕೆ ಹೊರುತ್ತಾರೆ. ಒಬ್ಬನಿಗೆ ಹೊಸ ಎಂಜಿನ್ ಬೇಕು, ಇನ್ನೊಬ್ಬನಿಗೆ ಅತ್ತೆ ಸಾಯಬೇಕು. ಇಟ್ಟ ಬಾಟಲಿಯನ್ನು ಯಾರೂ ಮುಟ್ಟುವಂತಿಲ್ಲ. ನೂರಾರು ಬಾಟಲಿ ಬಿಸಿಲಿಗೆ ಪಾಚಿಗಟ್ಟಿ ಕೂತಿರುತ್ತಿದ್ದವು.

ಮಂಜೂ ಸರಿಯಾಗಿ ಬಾರದ ಮೂರು ವರ್ಷ ಬಂದವು. ಗುಡಿಯ ಹಿಂದಿನ ದಿಬ್ಬದಾಚೆ, ಗೂನಿಲ್ಲದ ಒಂಟೆಯಂತಿರುವ ಗ್ವಾನಾಕೊಗಳು ಒಣಕಲ್ಲು ನೆಕ್ಕುವುದನ್ನು ಒರ್ಫೆಲೀನ ಕಂಡಳು. ಇತ್ತ ನೋಡಿದರೆ ಸತ್ತವಳಿಗೆ ಇಷ್ಟು ನೀರು. ಮರುದಿನ ಬೆಳಿಗ್ಗೆ ಎಂಟು ಬಾಟಲಿ ಚೀಲಕ್ಕೆ ಹಾಕಿಕೊಂಡು ಹೋಗಿ, ದಿಬ್ಬದಾಚೆಯ ಬಂಡೆಯ ಕುಳಿಗೆ ಸುರಿದಳು. ಖಾಲಿ ಬಾಟಲಿ ಗಾಳಿಗೆ ಹಾರಿ ಯಾವ ಪ್ರಾಣಿಯ ಬಾಯಿಗೋ ಬೀಳಬಾರದೆಂದು, ಬಿಗಿಯಾಗಿ ಮುಚ್ಚಳ ಹಾಕಿ, ಇದ್ದ ಜಾಗಕ್ಕೇ ಮರಳಿ ಇಟ್ಟಳು. ಅವಳು ಕೆಟ್ಟದ್ದು ಈ ಅಚ್ಚುಕಟ್ಟಿನಿಂದಲೇ.

ಆಗಾಗ ಹೀಗೇ ಸುರಿಯುತ್ತ ಬಂದಳು. ಸಂಜೆ ಸಂಜೆ ಬೆಳವದ ಹಕ್ಕಿ ಬಂದವು, ನರಿ ಬಂತು, ಐದು ಗ್ವಾನಾಕೊ ಒಂದು ಮರಿಯೊಂದಿಗೆ ಬಂದವು. ಒರ್ಫೆಲೀನ ಮೂವತ್ತು ಹೆಜ್ಜೆ ದೂರ ಕಲ್ಲಿಗೆ ಒರಗಿ ಕೂತು ನೋಡಿದಳು. ಅಂಥ ಸುಖವನ್ನು ಅವಳು ಮದುವೆಯಲ್ಲೂ ಕಂಡಿರಲಿಲ್ಲ.

ಮೂರನೆಯ ವರ್ಷ ರೊಸಾಮೆಲ್ ಎಂಬ ಲಾರಿ ಡ್ರೈವರ್, ತನ್ನ ಹೆಸರು ಬರೆದಿಟ್ಟಿದ್ದ ಬಾಟಲಿ ನೋಡಿದ. ಮುಚ್ಚಳ ಬಿಗಿಯಾಗಿದೆ, ಒಳಗೆ ಹನಿ ನೀರಿಲ್ಲ. ಅದೇ ವಾರ, ಹರಕೆ ಹೊತ್ತಂತೆಯೇ, ಅವನ ಲೈಸೆನ್ಸ್ ವಾಪಸು ಸಿಕ್ಕಿತ್ತು.

"ಕುಡಿದವ್ಳೆ! ಪುಣ್ಯಾತ್ಗಿತ್ತಿ ನನ್ ನೀರು ಕುಡಿದವ್ಳೆ!" ಎಂದು ನೆಲ್ದಳ ಹೋಟೆಲಿನಲ್ಲಿ ಅವನು ಅತ್ತೇಬಿಟ್ಟ.

ಯಾರೋ ಎತ್ತಿ ಕುಡಿದಿರಬಹುದು ಎಂದು ಒಂದು ನರಪಿಳ್ಳೆಗೂ ಹೊಳೆಯಲಿಲ್ಲ. ಸೆಲಿಂದಳ ನೀರು ಮುಟ್ಟುವ ಧೈರ್ಯ ಆ ಹೆದ್ದಾರಿಯಲ್ಲಿ ಯಾರಿಗೂ ಇಲ್ಲವೆಂದು ಎಲ್ಲರಿಗೂ ಗೊತ್ತು. ತಿಂಗಳೊಳಗೆ ಬಸ್ಸು ಕಟ್ಟಿಕೊಂಡು ಜನ ಬಂದರು. ಸ್ಪೀಕರು ಬಂತು, ಮಾಂಸ ಸುಡುವ ಹೊಗೆ ಬಂತು, ಎಲುಬಿಗೆ ನಾಯಿಗಳು ಬಂದವು. ನೆಲ್ದ ಗುಡಿಯ ಕಮಿಟಿ ಮಾಡಿ ತಾನೇ ಅಧ್ಯಕ್ಷೆಯಾದಳು. ಒಂದು ಭಾನುವಾರ ನಾಯಿಗಳು ದಿಬ್ಬ ಹತ್ತಿದವು. ಆ ವರ್ಷ ಹುಟ್ಟಿದ ಗ್ವಾನಾಕೊ ಮರಿ ಹೆದರಿ ಓಡಿ, ಗಣಿಯ ತಂತಿಬೇಲಿಗೆ ಸಿಕ್ಕಿ ಸತ್ತಿತು. ಮತ್ತೆ ಯಾವ ಪ್ರಾಣಿಯೂ ನೀರಿಗೆ ಬರಲಿಲ್ಲ. ಸುತ್ತಮುತ್ತ ಬೇರೆಲ್ಲೂ ನೀರಿರಲಿಲ್ಲ. ಇನ್ನು ಹತ್ತು ದಿನ ಹೀಗೇ ಹೋದರೆ ಉಳಿದವೂ ಉಳಿಯುವುದಿಲ್ಲವೆಂದು ಒರ್ಫೆಲೀನಳಿಗೆ ಗೊತ್ತಿತ್ತು.

ಅವಳು ಕಮಿಟಿಯ ಸಭೆಗೆ ಹೋಗಿ ಎದ್ದು ನಿಂತಳು.

"ಕೇಳ್ರೋ, ಮಂಕುಗಳಾ. ಸೆಲಿಂದ ಕುಡೀಲಿಲ್ಲ. ಮೂರು ವರ್ಷದಿಂದ ನಾನೇ ಒಯ್ದು ಪ್ರಾಣಿಗಳಿಗೆ ಸುರೀತಿದೀನಿ."

ಕಲ್ಲು ಬೀಳಬಹುದೆಂದು ಗಟ್ಟಿಯಾಗಿ ನಿಂತಿದ್ದಳು. ಒಂದೂ ಬೀಳಲಿಲ್ಲ.

"ಹಂಗಾದ್ರೆ ನನ್ ಲೈಸೆನ್ಸ್ ಹೆಂಗ್ ಸಿಕ್ತು, ದೊನ್ಯಾ ಒರ್ಫೆಲೀನ? ನೀವ್ ಕೊಡ್ಸಿದ್ರಾ?" ಎಂದ ರೊಸಾಮೆಲ್.

ನೆಲ್ದ ಮೆಲ್ಲಗೆ ಎದ್ದಳು. ಕಣ್ಣಲ್ಲಿ ನೀರು. "ಸತ್ತೋಳಿಗೆ ಕೈ ಎಲ್ಲಿಂದ ಬರ್ಬೇಕು, ಕೊಮಾದ್ರೆ? ನಿನ್ ಕೈ ತಗೊಂಡಿದಾಳೆ. ನಿಂಗೇ ಗೊತ್ತಾಗಿಲ್ಲ ಅಷ್ಟೆ!"

ಜನ ಎದೆಯ ಮೇಲೆ ಶಿಲುಬೆ ಬರೆದುಕೊಂಡರು. ಒಬ್ಬಳು ಓಡಿಬಂದು ಒರ್ಫೆಲೀನಳ ಕೈಗೆ ಮುತ್ತಿಟ್ಟಳು. ಕಳ್ಳಿ ಎಂದು ಉಗಿದಿದ್ದರೆ ಅವಳು ಸಹಿಸುತ್ತಿದ್ದಳು, ಇದನ್ನು ಸಹಿಸುವುದು ಹೇಗೆ? ನಿಜ ಹೇಳಿದರೆ ಕಿವಿಗೆ ಹೋಗದ ಈ ಕತ್ತೆಗಳಿಗೆ ಏನು ಹೇಳಿದರೆ ಹೋಗುತ್ತದೆಂಬುದು ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಒಮ್ಮೆ ಕಣ್ಣು ಮುಚ್ಚಿ ತೆರೆದಳು.

"ಹೂಂ. ಅವಳೇ ಹೇಳಿದ್ದು. ಗದ್ದಲ ಆದ್ರೆ ಅವಳಿಗೆ ಗಂಟ್ಲಲ್ಲಿ ನೀರು ಇಳಿಯಲ್ವಂತೆ. ಬೆಳಗ್ಗೆ ಹೊತ್ತು ಒಬ್ಬೊಬ್ರೇ ದಿಬ್ಬದಾಚೆ ಹೋಗಿ, ಬಂಡೆ ಕುಳೀಲಿ ನೀರು ಹೊಯ್ದು, ತಿರುಗಿ ನೋಡದೆ ಬರ್ಬೇಕಂತೆ. ನಾಯಿ ಕಂಡ್ರೆ ಆಗಲ್ವಂತೆ. ಸ್ಪೀಕರಂತೂ ಆಗೋದೇ ಇಲ್ವಂತೆ."

ಚಾಚೂ ತಪ್ಪದೆ ನಡೆಸಿದರು. ಎಂಟನೆಯ ದಿನ ನರಿ ಬಂತು, ಒಂಬತ್ತನೆಯ ದಿನ ಗ್ವಾನಾಕೊಗಳು ಬಂದವು, ದೊಡ್ಡವು ಐದಿದ್ದದ್ದು ನಾಲ್ಕಾಗಿ. ಅದಕ್ಕೆ ಬದಲಾಗಿ ಒರ್ಫೆಲೀನ ಪ್ರತಿ ಭಾನುವಾರ ಗುಡಿಯ ಮುಂದೆ ಹುಳಿ ತಿಂದವರ ಮುಖ ಹೊತ್ತು ನಿಂತು, ಲಾರಿಗಳ ಬಾನೆಟ್ಟಿನ ಮೇಲೆ ಕೈಯಿಟ್ಟು ಹರಸಬೇಕಾಯಿತು.

ಒಂದು ಸಂಜೆ ನೆಲ್ದ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದು ಪಕ್ಕದಲ್ಲಿ ಕೂತಳು. ಪುಣ್ಯಾತ್ಗಿತ್ತಿ ನೀರು ಕುಡಿಯುವುದನ್ನು ಒಂದು ಸಲ ಕಣ್ಣಾರೆ ನೋಡಬೇಕಂತೆ. ಅಷ್ಟರಲ್ಲಿ ನರಿ ಬಂದು ಕುಳಿಗೆ ಬಾಯಿ ಹಾಕಿತು.

"ಥೂ, ಹಾಳಾದ್ದು, ಅವಳ ನೀರು ಕುಡೀತಿದೆ!" ನೆಲ್ದ ಕಲ್ಲೆತ್ತಿಕೊಂಡಳು.

ಒರ್ಫೆಲೀನ ಅವಳ ಮಣಿಕಟ್ಟು ಹಿಡಿದಳು. "ಹಾಕೆ ಕೆಳಗೆ. ಅವಳೇ ಕಣೆ ಅದು."

ಕಲ್ಲು ಕೆಳಗೆ ಬಿತ್ತು. ನೆಲ್ದ ಮಂಡಿಯೂರಿ, ಬಾಯಿ ಮುಚ್ಚಿ, ನರಿ ಕುಡಿದು ಮುಗಿಸಿ ಹೋಗುವವರೆಗೆ ರೆಪ್ಪೆ ಹೊಡೆಯದೆ ನೋಡಿದಳು. ಎಂಥ ಪೆದ್ದು ಹೆಂಗಸು ಎಂದು ಒರ್ಫೆಲೀನ ಒಳಗೊಳಗೇ ನಕ್ಕಳು.

"ಪಾಪ, ಎಡಗಣ್ಣು ಕಾಣಲ್ಲ ಅಲ್ವಾ ಕೊಮಾದ್ರೆ?" ಎಂದಳು ನೆಲ್ದ.

"ಯಾರ್ ಹೇಳಿದ್ದು ನಿಂಗೆ?"

"ಹೊರಟಾಗ ಹಕ್ಕಿ ಎಡಗಡೆಯಿಂದ ಬಂದದ್ದು ಕಾಣ್ದೆ ಬೆಚ್ಚಿಬಿತ್ತಲ್ಲ. ಅದಕ್ಕೇ ಎಡಮಗ್ಗುಲು ಬಂಡೆಗೆ ಒತ್ಕೊಂಡು ನಿಂತಿತ್ತು. ನೀನು ದಿನಾ ನೋಡ್ತೀಯಲ್ಲ, ಗೊತ್ತಿರ್ಬೇಕು."

ಒರ್ಫೆಲೀನಳಿಗೆ ಮುಖಕ್ಕೆ ಹೊಡೆದಂತಾಯಿತು. ಆ ನರಿ ದಿನವೂ ಬಂಡೆಗೆ ಒತ್ತಿಕೊಂಡೇ ನಿಲ್ಲುತ್ತಿತ್ತು. ಮೂರು ವರ್ಷ ಇಲ್ಲಿ ಕೂತು, ನೋಡಲು ಬಾರದವರನ್ನೆಲ್ಲ ಮನಸ್ಸಿನಲ್ಲೇ ಬೈಯುತ್ತ, ಅವಳು ಅದರ ಕಣ್ಣನ್ನು ಒಮ್ಮೆಯೂ ನೋಡಿರಲಿಲ್ಲ.

"ನಂಗೆ ಮೊದ್ಲಿಂದ್ಲೂ ಗೊತ್ತು," ಎಂದಳು.