ಬೀದಿಯಲ್ಲಿ ಮಾತಾಡಿಸದ ಮಾತಿನಕ್ಕ

ಶಾಲೆಯ ಮಕ್ಕಳು ಅವಳಿಗೆ ಇಟ್ಟ ಹೆಸರು ಮಾತಿನಕ್ಕ. ಪಾಠ ಮಾಡುವವಳಲ್ಲ, ಪರೀಕ್ಷೆ ನಡೆಸುವವಳೂ ಅಲ್ಲ, ಅವಳು ಶಾಲೆಯ ಸಮಾಜ ಕಾರ್ಯಕರ್ತೆ. ಮನಸ್ಸು ಕೆಟ್ಟ ಮಕ್ಕಳು, ಮನೆ ಕೆಟ್ಟ ಮಕ್ಕಳು, ಓದು ತಲೆಗೆ ಹತ್ತದೆ ಪೆನ್ಸಿಲ್ ಕಚ್ಚುತ್ತ ಕೂರುವ ಮಕ್ಕಳು ಅವಳ ಕೋಣೆಗೆ ಬರುತ್ತಾರೆ. ಕೋಣೆಯೆಂದರೆ ಮೆಟ್ಟಿಲ ಕೆಳಗಿದ್ದ ಹಳೆಯ ಆಟದ ಸಾಮಾನಿನ ಉಗ್ರಾಣ. ಎದುರುಬದುರು ಕೂತರೆ ಮಕ್ಕಳ ಬಾಯಿ ಕಟ್ಟುತ್ತದೆ ಎಂದು ಎರಡು ಕುರ್ಚಿಗಳನ್ನು ಪಕ್ಕಪಕ್ಕದಲ್ಲಿ, ಕಿಟಕಿಗೆ ಮುಖ ಮಾಡಿ ಇಟ್ಟಿದ್ದಳು. ಗಣಿತದ ಮೇಷ್ಟ್ರು ಅದನ್ನು ನೋಡಿ, "ಬಸ್ಸು ಹೊರಡೋದು ಎಷ್ಟು ಗಂಟೆಗೆ?" ಎಂದು ಕೇಳಿದ್ದರು. ಅವಳೂ ಬಿಡಲಿಲ್ಲ. "ನಿಮ್ಮ ಕ್ಲಾಸಿಂದ ಇನ್ನಿಬ್ಬರು ಹತ್ತಬೇಕು, ಅವರು ಬಂದ ತಕ್ಷಣ" ಎಂದಳು. ಮೇಷ್ಟ್ರು ಆಮೇಲೆ ಆ ಕಡೆ ತಲೆ ಹಾಕಲಿಲ್ಲ.

ಅವಳಿಗೊಂದು ನಿಯಮವಿತ್ತು. ಕೋಣೆಯ ಹೊರಗೆ ಯಾವ ಮಗುವನ್ನೂ ತಾನಾಗಿ ಮಾತಾಡಿಸುವುದಿಲ್ಲ. ವರಾಂಡವಾಗಲಿ, ಬಸ್ಸಾಗಲಿ, ಮಾರುಕಟ್ಟೆಯಾಗಲಿ, ಕಂಡೂ ಕಾಣದ ಹಾಗೆ ಹೋಗಿಬಿಡುವುದು. ಮಾತಿನಕ್ಕ ಯಾರನ್ನಾದರೂ ನೋಡಿ ನಕ್ಕಳೆಂದರೆ ಸಾಕು, 'ಓಹೋ, ಇವನಿಗೇನೋ ಆಗಿದೆ' ಎಂದು ಪಕ್ಕದವರ ಗುಸುಗುಸು ಶುರುವಾಗುತ್ತದೆ. ಇಪ್ಪತ್ತೆರಡು ವರ್ಷ ಅವಳು ಈ ನಿಯಮ ಮುರಿದವಳಲ್ಲ. ಎಷ್ಟೋ ಮನೆಗಳ ಒಳಗುಟ್ಟು ಬಲ್ಲವಳು ಬೀದಿಗಿಳಿದರೆ ಯಾರ ಪರಿಚಯವೂ ಇಲ್ಲದವಳ ಹಾಗೆ ಒಬ್ಬಳೇ ನಡೆದು ಹೋಗುತ್ತಿದ್ದಳು. ಶಿಕ್ಷಕರ ಕೊಠಡಿಗೆ ಕಾಲಿಟ್ಟರೆ ಅಲ್ಲೂ ಮಾತು ನಿಲ್ಲುತ್ತಿತ್ತು. ಮಕ್ಕಳು ತಮ್ಮ ಮೇಲೆ ಏನೇನು ಚಾಡಿ ಹೇಳಿದ್ದಾರೋ ಎಂಬ ಅಳುಕು ಎಲ್ಲರಿಗೂ. ಮನೆಯೆಂದರೆ ಎರಡನೇ ಮಹಡಿಯ ಒಂದೂವರೆ ಕೋಣೆ. ಭಾನುವಾರ ತಂಗಿ ಫೋನ್ ಮಾಡಿ "ಏನಕ್ಕಾ ಸಮಾಚಾರ?" ಎಂದರೆ ಹೇಳಲು ಏನೂ ಇರುತ್ತಿರಲಿಲ್ಲ, ಇದ್ದದ್ದೆಲ್ಲ ಹೇಳಬಾರದ್ದು. "ಊರವರ ಗುಟ್ಟೆಲ್ಲ ಹೊಟ್ಟೇಲಿಟ್ಕೊಂಡೂ ನೀನು ಒಂದಿಷ್ಟೂ ದಪ್ಪ ಆಗ್ಲಿಲ್ವಲ್ಲೇ!" ಎಂದು ಅಮ್ಮ ರೇಗಿಸುತ್ತಿದ್ದಳು. ಅಮ್ಮ ಹೋದ ಮೇಲೆ ರೇಗಿಸುವವರೂ ಇಲ್ಲ.

ಆ ವರ್ಷ ಎಂಟನೇ ತರಗತಿಯ ಒಬ್ಬ ಹುಡುಗಿ ಕೋಣೆಗೆ ಬಂದಳು. ತಾಯಿ ಮನೆ ಬಿಟ್ಟು ಹೋಗಿ ವರ್ಷವಾಗಿತ್ತು. ಎಲ್ಲಿಗೆ, ಯಾಕೆ ಎಂದು ಹುಡುಗಿ ಹೇಳಲಿಲ್ಲ, ಮಾತಿನಕ್ಕ ಕೆದಕಲಿಲ್ಲ. ತರಗತಿಯಲ್ಲಿ ಪಾಠ ಓದು ಎಂದರೆ ಹುಡುಗಿ ಎದ್ದು ಕಂಬದ ಹಾಗೆ ನಿಲ್ಲುತ್ತಿದ್ದಳು. ಮೂರು ವಾರ ಸುಮ್ಮನೆ ಕಿಟಕಿ ನೋಡಿ ಹೋದಳು. ನಾಲ್ಕನೆಯ ವಾರ, "ಎಲ್ರೂ ನನ್ನೇ ನೋಡ್ತಾರೆ ಮಿಸ್, ಅಕ್ಷರ ಓಡಿಹೋಗತ್ತೆ" ಎಂದಳು. ಮಾತಿನಕ್ಕ ಭಾಷೆಯ ಟೀಚರ ಕೈಕಾಲು ಹಿಡಿದು ಒಂದು ಏರ್ಪಾಟು ಮಾಡಿದಳು. ನಾಳೆ ಓದಿಸುವ ಭಾಗವನ್ನು ಇವತ್ತೇ ಹುಡುಗಿಗೆ ಗುಟ್ಟಾಗಿ ತಿಳಿಸುವುದು, ಹುಡುಗಿ ಅದನ್ನು ಕೋಣೆಗೆ ತಂದು ಕಿಟಕಿಗೆ ಓದಿ ಹೇಳುವುದು. ಮೊದಲು ಎರಡು ಸಾಲು, ಆಮೇಲೆ ಐದು. ಒಂದು ದಿನ ತರಗತಿಯಲ್ಲಿ ಇಡೀ ಪುಟ ಓದಿ ಕೂತಳಂತೆ. ಆ ಸುದ್ದಿ ಕೇಳಿ ಮಾತಿನಕ್ಕ ಬಾಗಿಲು ಹಾಕಿಕೊಂಡು ಒಬ್ಬಳೇ ಚಪ್ಪಾಳೆ ತಟ್ಟಿದಳು. ಯಾರಿಗೆ ಹೇಳುವುದು?

ಆ ಶನಿವಾರ ಸಂಜೆ ಅವಳು ಅಂಗಡಿಯಲ್ಲಿ ಬೀನ್ಸ್ ಆರಿಸುತ್ತಿದ್ದಾಗ ಎದುರಿನ ಚಪ್ಪಲಿ ಅಂಗಡಿಯ ಮುಂದೆ ಅದೇ ಹುಡುಗಿ ಕಂಡಳು. ಜೊತೆಗೆ ಇಬ್ಬರು ಗೆಳತಿಯರು. ಹುಡುಗಿ ಇವಳನ್ನು ನೋಡಿ ನಕ್ಕಳು. ತಿರುಗಿ ನಗಲು ನಿಯಮದ ಅಡ್ಡಿಯೇನೂ ಇರಲಿಲ್ಲ, ಮೊದಲು ನಕ್ಕವಳು ಹುಡುಗಿಯೇ. ಆದರೆ ಮಾತಿನಕ್ಕ ತನ್ನ ಇಪ್ಪತ್ತೆರಡು ವರ್ಷದ ಜಾಣತನ ತೋರಿಸಿದಳು. ಪಾಪ, ಖುಷಿಯಲ್ಲಿ ನಕ್ಕುಬಿಟ್ಟಿದ್ದಾಳೆ, ಆಮೇಲೆ ಗೆಳತಿಯರು 'ಅವರ ಹತ್ರ ನಿಂಗೇನೇ ಕೆಲಸ?' ಎಂದು ಜೀವ ತಿಂದರೆ ಪೇಚಾಡುತ್ತಾಳೆ ಎಂದುಕೊಂಡು ಸರಕ್ಕನೆ ಮುಖ ತಿರುಗಿಸಿದಳು. ಮಗುವಿನ ಮಾನ ಉಳಿಸಿದೆ ಎಂಬ ಹೆಮ್ಮೆಯಲ್ಲೇ ಬೀನ್ಸ್ ಹೊತ್ತು ಮನೆಗೆ ಹೋದಳು.

ಸೋಮವಾರ ಹುಡುಗಿ ಶಾಲೆಗೆ ಬರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಗುರುವಾರ ಮುಖ್ಯೋಪಾಧ್ಯಾಯಿನಿ ಕರೆದು ಹೇಳಿದರು. "ಅವಳಪ್ಪ ಬಂದು ವರ್ಗಾವಣೆ ಪತ್ರ ಕೇಳಿದ್ರು. ಅವಳಿಗೆ ಓದು ಬೇಡವಂತೆ. ಭಾನುವಾರ ಬೇರೆ ಊರಿಗೆ, ಸೋದರತ್ತೆ ಮನೆಗೆ ಕಳಿಸ್ತಾರಂತೆ. ಅಲ್ಲೇ ಹೊಲಿಗೆ ಅಂಗಡೀಲಿ ಕೂರಿಸ್ತಾರೆ."

ಹದಿಮೂರು ವರ್ಷದ ಹುಡುಗಿ ಹಾಗೆ ಹೊಲಿಗೆ ಅಂಗಡಿಗೆ ಹೋಗಿ ಕೂತರೆ ಮತ್ತೆ ಪುಸ್ತಕ ಹಿಡಿಯುವುದು ಕನಸಿನ ಮಾತು ಎಂದು ಮಾತಿನಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯೇ ವಿಳಾಸ ಹಿಡಿದು ಹೊರಟಳು.

ಬಸ್ ಚಾಲಕನಾಗಿದ್ದ ಅಪ್ಪ ಡ್ಯೂಟಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದ. "ನಾನೇನು ಬೇಡ ಅನ್ನಲಿಲ್ಲ ಮೇಡಂ. ಅವಳೇ ಒಲ್ಲೆ ಅಂತ ಹಟ ಹಿಡಿದಿದ್ದಾಳೆ. ನಾನು ಬೆಳಿಗ್ಗೆ ಹೋದ್ರೆ ರಾತ್ರಿ ಬರೋನು, ಯಾರು ನೋಡ್ಕೊಳ್ಳೋದು?" ಎಂದ. ಒಳಗೆ ಹುಡುಗಿ ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದಳು. ಮಾತಿನಕ್ಕ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ಅಮ್ಮನೂ ಹಾಗೇ ಮಾಡ್ತಾಳೆ" ಎಂದಳು ಹುಡುಗಿ, ಚೀಲಕ್ಕೆ ಹೇಳುವಂತೆ.

"ಹೇಗೆ?"

"ಅವಳು ಇದೇ ಊರಲ್ಲಿದ್ದಾಳೆ ಮಿಸ್. ನಾಕು ಬೀದಿ ಆಚೆ. ಈಗಿರೋ ಹೊಸ ಮನೆಯವರ ಜೊತೆ ಹೋಗ್ತಿರುವಾಗ ನಾನು ಎದುರು ಸಿಕ್ಕಿದ್ರೆ ಮುಖ ತಿರುಗಿಸಿ ಅಂಗಡಿ ನೋಡ್ತಾಳೆ. ನೀವು ಬೀನ್ಸ್ ನೋಡಿದ್ರಲ್ಲ, ಹಾಗೆ. ಅವತ್ತು ಪೂರ್ತಿ ಪುಟ ಓದಿದೆ ಅಂತ ಹೇಳೋಣ ಅಂತಿದ್ದೆ."

ಮಾತಿನಕ್ಕನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಿಯಮ, ಗುಟ್ಟು, ಮಕ್ಕಳ ಒಳಿತು ಎಂದು ವಿವರಿಸಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. "ತಪ್ಪು ನಂದು" ಎಂದಳು. "ನಿನಗೆ ನಾಚಿಕೆ ಆಗಬಹುದು ಅಂದ್ಕೊಂಡೆ. ಕೇಳಬೇಕಿತ್ತು, ಕೇಳಲಿಲ್ಲ. ಈಗ ಕೇಳ್ತೀನಿ. ಹೊರಗೆ ಕಂಡರೆ ನಾನೇನು ಮಾಡಲಿ?"

"ಅದನ್ನೂ ಕೇಳಬೇಕಾ?" ಹುಡುಗಿ ಮೂಗು ಒರೆಸಿಕೊಂಡಳು. "ಮಾತಾಡಿಸಿ."

ಸೋಮವಾರ ಹುಡುಗಿ ತರಗತಿಯಲ್ಲಿದ್ದಳು. ಅಪ್ಪ ಚೀಲದ ಬಟ್ಟೆಯನ್ನು ತಾನೇ ವಾಪಸು ಗೂಡಿಗೆ ಇಟ್ಟನಂತೆ.

ಆ ವಾರವೆಲ್ಲ ಮಾತಿನಕ್ಕ ಕೋಣೆಗೆ ಬಂದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಅದೇ ಪ್ರಶ್ನೆ ಕೇಳಿದಳು. ಹತ್ತೊಂಬತ್ತು ಮಕ್ಕಳಲ್ಲಿ ಹದಿನೇಳು ಮಂದಿ, ಗೊತ್ತಿಲ್ಲದವರ ಹಾಗೆ ಇರಿ ಎಂದರು. ಒಬ್ಬಳಂತೂ "ಬೇಜಾರು ಮಾಡ್ಕೋಬೇಡಿ ಮಿಸ್" ಎಂದು ಸಮಾಧಾನ ಬೇರೆ ಹೇಳಿದಳು. ಬೇಜಾರೇನಿಲ್ಲ ಎಂದಳು ಮಾತಿನಕ್ಕ. ಬೇಜಾರಾಗಿತ್ತು. ತಾನು ಹಾಕಿಕೊಂಡ ನಿಯಮದಿಂದ ತಾನು ಒಂಟಿ ಎಂದುಕೊಂಡು ಇಷ್ಟು ವರ್ಷ ತಳ್ಳಿದ್ದಳು. ಬೇಕೆಂದಾಗ ಮುರಿಯಬಹುದು ಎಂಬ ಧೈರ್ಯವಾದರೂ ಇತ್ತು. ನಿಯಮ ಬೇಕಿರುವುದು ಮಕ್ಕಳಿಗೇ ಎಂದು ತಿಳಿದ ಮೇಲೆ ಅದೂ ಹೋಯಿತು.

ಶನಿವಾರ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಆ ಹದಿನೇಳರಲ್ಲಿ ಇಬ್ಬರು ಪಕ್ಕದಲ್ಲೇ ಹಾದುಹೋದರು. ಅವಳು ಕೈಗಡಿಯಾರ ನೋಡಿಕೊಂಡಳು. ಅಷ್ಟರಲ್ಲಿ ರಸ್ತೆಯಾಚೆಯಿಂದ, ಜನ ತಿರುಗಿ ನೋಡುವಂತೆ, "ಮಿಸ್! ಊಟ ಆಯ್ತಾ?" ಎಂಬ ಕೂಗು. ಅದೇ ಹುಡುಗಿ, ಗೆಳತಿಯರ ಸಮೇತ ಓಡಿಬಂದಳು.

ಆಯ್ತು ಎಂದು ಹೇಳಿ ಮುಗಿಸಬಹುದಿತ್ತು. ಬಾಯಿಗೆ ಬಂದದ್ದೇ ಬೇರೆ. "ಇಲ್ಲ ಪುಟ್ಟಿ. ಒಬ್ಬಳಿಗೇ ಅಂತ ಮಾಡ್ಕೊಳ್ಳೋಕೆ ಮನಸ್ಸೇ ಬರಲ್ಲ" ಎಂದಳು. ಹೇಳಿದ ಮೇಲೆ ಅವಳಿಗೇ ನಾಚಿಕೆಯಾಯಿತು.

ಹುಡುಗಿ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, "ಅದೆಲ್ಲ ಆಗಲ್ಲ. ಇವತ್ತು ಮಾಡ್ಕೊಂಡು ತಿನ್ನಿ. ಸೋಮವಾರ ಕೇಳ್ತೀನಿ" ಎಂದು ಗದರಿ, ಬಂದ ಬಸ್ಸು ಹತ್ತಿ ಹೋದಳು.

ಮಾತಿನಕ್ಕ ಮನೆಗೆ ಹೋಗಿ ಕೈಚೀಲ ಇಟ್ಟವಳೇ ಒಲೆ ಹಚ್ಚಿ ಅನ್ನಕ್ಕಿಟ್ಟಳು. ಹಸಿವೇನೂ ಇರಲಿಲ್ಲ. ಆದರೆ ಸೋಮವಾರ ಕೇಳುವವರೊಬ್ಬರಿದ್ದರು.